ಕೆರಿಯ ಜನಕ್ಕೆ ಅಬ್ಬಿ ತೋರಿಸಿದ್ದು

ನಂಬಲ್ಲ ಅನ್ನುವವರು ಈಗಲೇ ಎದ್ದು ಹೋಗಿ. ಅರ್ಧ ಕೇಳಿ "ಛೇ, ಇಂಥವನೂ ಇರ್ತಾನಾ" ಅಂತ ಮೂಗು ಮುರಿಯಬಾರದು. ಇದ್ದ ಅಲ್ಲ, ಈಗಲೂ ಇದ್ದಾನೆ, ನಮ್ಮೂರು ಕಲ್ಕೊಪ್ಪದಲ್ಲೇ ಇದ್ದಾನೆ. ಸೀಳಬ್ಬಿಯ ದಾರಿಯಲ್ಲಿ ಜನರನ್ನು ಇಳಿಸಿ ಹತ್ತಿಸುವುದರಲ್ಲಿ ನನ್ನನ್ನು ಮೀರಿಸುವವನು ಈ ಗುಡ್ಡದ ಸೀಮೆಯಲ್ಲಿ ಇನ್ನೂ ಹುಟ್ಟಬೇಕು. ಅಂಥ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ. ಸುಳ್ಳು ಅನ್ನಿಸಿದರೆ ಬಸ್ಸು ಹತ್ತಿ ಬನ್ನಿ, ಎದುರಿಗೇ ನಿಲ್ಲಿಸಿ ತೋರಿಸುತ್ತೇನೆ.

ಸೀಳಬ್ಬಿ ಅಂದರೆ ನಮ್ಮ ಜಲಪಾತ. ಗುಡ್ಡವನ್ನು ಕೊಡಲಿಯಲ್ಲಿ ಸೀಳಿದ ಹಾಗೆ ಎರಡು ಬಂಡೆಗೋಡೆ, ನಡುವೆ ಇಕ್ಕಟ್ಟಾದ ಕೊರಕಲು, ಕೊರಕಲಿನ ತುದಿಯಲ್ಲಿ ಅಬ್ಬಿ. ಮೊದಲೆಲ್ಲ ದನ ಕಾಯುವವರು ಬಿಟ್ಟರೆ ಅತ್ತ ಯಾರೂ ತಲೆ ಹಾಕುತ್ತಿರಲಿಲ್ಲ. ಯಾವನೋ ಒಬ್ಬ ಮೊಬೈಲಿನಲ್ಲಿ ವಿಡಿಯೋ ಹಾಕಿದ್ದೇ ಹಾಕಿದ್ದು, ಭಾನುವಾರ ಬಂತೆಂದರೆ ನಮ್ಮೂರ ರಸ್ತೆಯಲ್ಲಿ ಎಮ್ಮೆಗೂ ನಿಲ್ಲಲು ಜಾಗ ಇಲ್ಲ! ಫಾರೆಸ್ಟಿನವರು ಮೇಲೆ ಕಬ್ಬಿಣದ ಗೇಟು ಹಾಕಿದರು. ಊರಿನ ಹುಡುಗರಿಗೆ ಖಾಕಿ ಅಂಗಿ ಕೊಟ್ಟು ಗೈಡ್ ಮಾಡಿದರು. ನಾನೂ ಒಬ್ಬ. ಮೊದಲನೆಯವನು.

ಗೇಟಿನ ಪಕ್ಕದಲ್ಲಿ ಬಂಗಾರಮ್ಮನ ಮಜ್ಜಿಗೆ ಅಂಗಡಿ. ಆದರೆ ಮಜ್ಜಿಗೆ ಖರ್ಚಾಗುವುದು ಮೇಲೆ ಅಲ್ಲ, ಇಳಿದು ಸುಸ್ತಾದವರು ಕೂತಿರುವ ಅಬ್ಬಿಯ ಬುಡದಲ್ಲಿ. ಪಾಪ, ಆಕೆ ದಿನವೂ ಕೊಡ ಹೊತ್ತು ಇಳಿಯುತ್ತಿದ್ದಳು, ಕೊಡ ಹೊತ್ತು ಹತ್ತುತ್ತಿದ್ದಳು. ಇಳಿದು ಹತ್ತಿ, ಇಳಿದು ಹತ್ತಿ ಮಂಡಿ ಹೋಯಿತು. "ಇನ್ನೊಂದು ಮಳೆಗಾಲ ಹೀಗೇ ಇಳಿದ್ರೆ, ಆಮೇಲೆ ನಿಮ್ಮನ್ನೇ ಯಾರಾದ್ರೂ ಹೊತ್ತು ಹತ್ತಿಸಬೇಕಾಗುತ್ತೆ" ಅಂದರು ಸಾಗರದ ಡಾಕ್ಟರು. ಕೊಡ ಕೆಳಗಿಡಬೇಕು ಅಂದರೆ ಮಗನಿಗೊಂದು ಸಂಬಳದ ಕೆಲಸ ಆಗಬೇಕು.

ಆ ಮಗನೇ ಕೆರಿಯ. ಮೈ ನೋಡಿದರೆ ಕೋಣ. ಮುಖ ನೋಡಿದರೆ ಕೂಸು. ತಲೆಯ ವಿಷಯ ಮಾತ್ರ ಕೇಳಬೇಡಿ. "ಹಾಲು ಉಕ್ಕುತ್ತಾ ನೋಡ್ತಾ ಇರು ಮಗಾ" ಅಂದರೆ, ಹಾಲು ಉಕ್ಕಿ, ಒಲೆ ಆರಿ, ಪಾತ್ರೆ ತಣ್ಣಗಾಗುವ ತನಕ ನೋಡುತ್ತಾ ಇದ್ದವನು. "ಉಕ್ಕಿತಾ?" ಅಂತ ಅವ್ವ ಬಂದು ಕೇಳಿದರೆ, "ಚೆಂದ ಉಕ್ಕಿತು ಅವ್ವ!"

ಗೈಡುಗಳಲ್ಲಿ ಹಿರಿಯನೊಬ್ಬ ಮಗಳ ಮನೆಗೆ ಹೋಗಿ ಅಲ್ಲೇ ಉಳಿದದ್ದರಿಂದ ಒಂದು ಅಂಗಿ ಖಾಲಿಯಾಯಿತು. ಬಂಗಾರಮ್ಮ ಫಾರೆಸ್ಟಿನ ವಾಚರ್ ದುಗ್ಗಪ್ಪನ ಮುಂದೆ ನಿಂತಳು. ನಮ್ಮೆಲ್ಲರಿಗೂ ಆತನೇ ಮೇಲಿನವನು.

"ದುಗ್ಗಣ್ಣಾ, ನಮ್ಮ ಕೆರಿಯನ್ನ ಸೇರಿಸ್ಕೋ."

"ಕೆರಿಯನ್ನಾ! ಬಂಗಾರಕ್ಕಾ, ಜನ ವಾಪಸ್ ಬರಬೇಕಲ್ಲ?"

"ನೀ ಹೇಳಿದ್ದನ್ನ ಹೇಳಿದ ಹಂಗೇ ಮಾಡ್ತಾನೆ. ಚೂರೂ ಆಚೀಚೆ ಇಲ್ಲ."

"ಅದೇ ಕಣಕ್ಕಾ ನನಗೆ ಹೆದರಿಕೆ," ಅಂದ ದುಗ್ಗಪ್ಪ. ಆದರೂ ಆಕೆಯ ಮಂಡಿ ನೋಡಿ ಮನಸ್ಸು ಕರಗಿತು. "ಒಂದು ವಾರ ನೋಡ್ತೀನಿ. ಸರಿ ಹೋದ್ರೆ ಅಂಗಿ. ಇಲ್ಲಾಂದ್ರೆ ನೀನುಂಟು ನಿನ್ನ ಕೊಡ ಉಂಟು."

ಬಂಗಾರಮ್ಮ ಮಗನನ್ನು ಕೂರಿಸಿಕೊಂಡು ಹೇಳಿದಳು. "ನೋಡು ಮಗಾ, ದೂರದಿಂದ ಆಸೆಪಟ್ಟು ಬಂದಿರ್ತಾರೆ. ಎಂತ ಕೇಳಿದ್ರೂ ಇಲ್ಲ ಅನ್ನಬೇಡ. ಇದೆ, ಧಾರಾಳ ಇದೆ, ಬನ್ನಿ ಅನ್ನಬೇಕು."

"ಆತು ಅವ್ವ, ಹಂಗೇ ಮಾಡ್ತೀನಿ!"

ಮರುದಿನ ದಾವಣಗೆರೆ ಕಡೆಯ ಒಂದು ಕುಟುಂಬ ಬಂತು. ಅಜ್ಜ, ಅಜ್ಜಿ, ಸೊಸೆ, ಮಕ್ಕಳು, ಚಿತ್ರಾನ್ನದ ಡಬ್ಬಿ.

ಅಜ್ಜಿ ಕೇಳಿತು, "ಯಪ್ಪಾ, ಒಳಗೆ ಹಾವು ಗೀವು ಅದಾವೇನೋ?"

"ಇದಾವೆ ಅಜ್ಜಿ, ಧಾರಾಳ ಇದಾವೆ, ಬನ್ನಿ!"

"ಚಿರತೆ?"

"ಧಾರಾಳ ಇದಾವೆ, ಬನ್ನಿ!"

ಅಜ್ಜ ಮುಂದೆ ಬಂದ. "ಜಾರಿ ಬಿದ್ದವರು ಇದಾರೇನು?"

"ಧಾರಾಳ!"

"ಬಿದ್ದು... ಮತ್ತೆ ಮೇಲೆ ಬರದವರು?"

"ಅವರೂ ಧಾರಾಳ ಇದಾರೆ ಅಜ್ಜಾ, ಬನ್ನಿ ಬನ್ನಿ!"

ಎಲ್ಲಿ ಬರುತ್ತಾರೆ! ಚಿತ್ರಾನ್ನದ ಡಬ್ಬಿ ಗೇಟಿನ ಹತ್ತಿರವೇ ಬಿತ್ತು, ಕಾರು ತಿರುವಿನಾಚೆ ಹೋಯಿತು. ಕೆರಿಯ ಹಿಂದಿನಿಂದ ಓಡಿದ. "ಹುಲಿ ಕೇಳಲೇ ಇಲ್ಲ ನೀವು! ಅದೂ ಇದೆ!"

ಬಂಗಾರಮ್ಮ ತಲೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಯಾರಾದ್ರೂ ಹಂಗೆ ಹೇಳ್ತಾರೇನೋ! ಜನಕ್ಕೆ ಧೈರ್ಯ ತುಂಬಬೇಕು ಕಣೋ! ಏನೂ ಆಗಲ್ಲ, ಹೆದರಬೇಡಿ, ಹೋಗಿ ಹೋಗಿ ಅನ್ನಬೇಕು!"

"ಆತು ಅವ್ವ, ಹಂಗೇ ಮಾಡ್ತೀನಿ!"

ಮಾಡಿದ. ಹುಬ್ಬಳ್ಳಿಯ ಕಪ್ಪು ಕನ್ನಡಕದ ಹುಡುಗನೊಬ್ಬ ಅಬ್ಬಿಯ ಗುಂಡಿಗೆ ಬೆನ್ನು ಹಾಕಿ ಬಂಡೆಯ ಅಂಚಿನಲ್ಲಿ ನಿಂತ. ಮೊಬೈಲು ಎತ್ತಿದ. ಅಬ್ಬಿಯೂ ಬರಬೇಕು, ತಾನೂ ಬರಬೇಕು, ಕ್ರಾಪೂ ಬರಬೇಕು.

"ಅಣ್ಣಾ, ಇನ್ನೂ ಸ್ವಲ್ಪ ಹಿಂದೆ ಹೋಗ್ಲೇನು?"

"ಏನೂ ಆಗಲ್ಲ, ಹೆದರಬೇಡಿ, ಹೋಗಿ ಹೋಗಿ!"

"ಇನ್ನೂ ಸ್ವಲ್ಪ?"

"ಹೋಗಿ ಹೋಗಿ!"

ಹೋದ. ಸೊಂಟದ ತನಕದ ನೀರು, ಪುಣ್ಯಕ್ಕೆ ಜೀವಕ್ಕೇನೂ ಆಗಲಿಲ್ಲ. ಕನ್ನಡಕ ಹೋಯಿತು, ಮೊಬೈಲು ಹೋಯಿತು, ಕ್ರಾಪಂತೂ ಹೋಗಿಯೇ ಹೋಯಿತು. ನಾನೇ ಇಳಿದು ಎತ್ತಿದೆ. ಬೇರೆ ಯಾರಿಗೆ ಬರುತ್ತೆ ಅಷ್ಟು ಚುರುಕು?

"ಅಯ್ಯೋ ನನ್ನ ಕರ್ಮವೇ! ಯಾರಾದ್ರೂ ಹಂಗೆ ಮಾಡ್ತಾರೇನೋ!" ಬಂಗಾರಮ್ಮ ಮಜ್ಜಿಗೆ ಸೌಟು ಎತ್ತಿಕೊಂಡೇ ಬಂದಳು. "ದಾರಿ ಬಿಟ್ಟು ಆಚೆ ಹೋದವರು ಕಂಡ್ರೆ ಬಾಯಿ ಬಿಡಬೇಡ! ರಟ್ಟೆ ಹಿಡಿ, ಎಳಿ, ತಂದು ದಾರಿ ಮೇಲೆ ನಿಲ್ಲಿಸು!"

"ಆತು ಅವ್ವ, ಹಂಗೇ ಮಾಡ್ತೀನಿ!"

ಈಗ ಹೇಳುವುದನ್ನು ಹೆಂಗಸರು ಕಿವಿ ಮುಚ್ಚಿಕೊಂಡು ಕೇಳಬೇಕು. ತೀರ್ಥಹಳ್ಳಿಯ ಒಬ್ಬ ನಿವೃತ್ತ ಹೆಡ್‌ಮಾಸ್ತರು ಬಂದಿದ್ದರು. ಬಿಳಿ ಪಂಚೆ, ಬಿಳಿ ಮೀಸೆ, ಬಲು ಗಂಭೀರ. ಅರ್ಧ ದಾರಿಯಲ್ಲಿ ಹೊಟ್ಟೆ ಗುಡುಗುಡು ಅಂತು. ಮಾಸ್ತರು ಅತ್ತ ನೋಡಿದರು, ಇತ್ತ ನೋಡಿದರು, ನೀರಿನ ಬಾಟಲಿ ಹಿಡಿದುಕೊಂಡು ಮೆಲ್ಲಗೆ ಪೊದೆಯ ಹಿಂದೆ ಸರಿದರು.

ಕೆರಿಯ ಕಂಡ. ದಾರಿ ಬಿಟ್ಟು ಹೋಗಿದ್ದಾರೆ!

ಬಾಯಿ ಬಿಡಲಿಲ್ಲ. ಪೊದೆಗೆ ನುಗ್ಗಿದ. ರಟ್ಟೆ ಹಿಡಿದ. ಎಳೆದ.

"ಏಯ್! ಬಿಡೋ! ಯಾರೋ ನೀನು! ಪಂಚೆ! ಪಂಚೆ ಕಣೋ!"

ಕೆರಿಯ ಬಿಡಲಿಲ್ಲ. ತಂದು ನಡುದಾರಿಯ ಮೇಲೆ ನಿಲ್ಲಿಸಿದ. ಆಗ ಮೇಲಿನಿಂದ ಇಳಿಯುತ್ತಿದ್ದವರು ಯಾರು? ಮಾಸ್ತರ ಹಳೇ ಶಿಷ್ಯರು, ಕುಟುಂಬ ಸಮೇತ. "ನಮಸ್ಕಾರ ಸಾರ್" ಅಂದರು. ಮಾಸ್ತರು ಬಾಟಲಿ ಮುಂದೆ ಹಿಡಿದುಕೊಂಡೇ ನಮಸ್ಕಾರ ಅಂದರು. ಬೇರೆ ದಾರಿ ಇರಲಿಲ್ಲ.

ಬಂಗಾರಮ್ಮನಿಗೆ ನಗು ಬಂತೋ ಅಳು ಬಂತೋ, ಸೆರಗು ಬಾಯಿಗೆ ತುರುಕಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಮಾನ ಮರ್ಯಾದೆ ಬೇಡವೇನೋ! ಮೈಮೇಲೆ ಬಟ್ಟೆ ಸರಿ ಇಲ್ಲದವರು ಕಂಡ್ರೆ ಅತ್ತ ನೋಡಬಾರದು. ಬೆನ್ನು ತಿರುಗಿಸಿ ನಿಂತು, ಬರೋರನ್ನ ತಡೀಬೇಕು. ಇಲ್ಲಿ ನೋಡೋಂಥದ್ದು ಏನೂ ಇಲ್ಲ, ವಾಪಸ್ ನಡೀರಿ ಅನ್ನಬೇಕು!"

"ಆತು ಅವ್ವ, ಹಂಗೇ ಮಾಡ್ತೀನಿ!"

ಮುಂದಿನದು ನೀವೇ ಊಹಿಸಿ. ಅಬ್ಬಿಯ ಬುಡದಲ್ಲಿ ಜನ ಏನು ಮಾಡುತ್ತಾರೆ? ಮೀಯುತ್ತಾರೆ. ಮೀಯುವಾಗ ಗಂಡಸರು ಅಂಗಿ ಹಾಕಿಕೊಂಡಿರುತ್ತಾರಾ?

ಆ ದಿನ ಹಿರಿಯೂರಿನಿಂದ ಸ್ತ್ರೀಶಕ್ತಿ ಸಂಘದವರು ಒಂದು ಬಸ್ಸು ಮಾಡಿಕೊಂಡು ಬಂದಿದ್ದರು. ಬೆಳಗ್ಗೆ ಕೋಳಿ ಕೂಗುವ ಮೊದಲು ಹೊರಟವರು. ಇಳಿದರು, ಕೂತರು, ಎದ್ದರು, ಮತ್ತೆ ಇಳಿದರು. ಕೊನೆಯ ತಿರುವು. ಅಬ್ಬಿಯ ಸದ್ದು ಕಿವಿಗೆ, ತುಂತುರು ಮುಖಕ್ಕೆ. ತಿರುವಿನಲ್ಲಿ ಕೆರಿಯ, ಎರಡು ಕೈ ಅಗಲಿಸಿಕೊಂಡು, ಅಬ್ಬಿಗೆ ಬೆನ್ನು ಹಾಕಿ.

"ಇಲ್ಲಿ ನೋಡೋಂಥದ್ದು ಏನೂ ಇಲ್ಲ! ವಾಪಸ್ ನಡೀರಿ!"

"ಅಯ್ಯ, ಅಬ್ಬಿ ಇಲ್ವೇನಪ್ಪ?"

"ಏನೂ ಇಲ್ಲ!"

"ಸದ್ದು ಕೇಳ್ತೈತಲ್ಲೋ!"

"ಸದ್ದು ಕೇಳಿ, ನೋಡಬೇಡಿ! ನಡೀರಿ ನಡೀರಿ!"

ಅಷ್ಟು ದೊಡ್ಡ ಮೈ, ಅಷ್ಟು ಸಣ್ಣ ದಾರಿ. ಪಕ್ಕದಲ್ಲಿ ನುಸುಳಲು ಇರುವೆಗೂ ಆಗುವುದಿಲ್ಲ. ಬಂದವರು ಬಂದ ಹಾಗೇ ಹತ್ತಿದರು. ಮೇಲೆ ಬಂದು ದುಗ್ಗಪ್ಪನನ್ನು ಹಿಡಿದು ಕೇಳಿದರು ನೋಡಿ! ಆತನ ಮೂರು ತಲೆಮಾರು ಅಬ್ಬಿಯ ನೀರಿಲ್ಲದೇ, ಬೈಗುಳದಲ್ಲೇ ಮಿಂದವು.

ದುಗ್ಗಪ್ಪ ಬಂಗಾರಮ್ಮನ ಅಂಗಡಿಗೆ ಬಂದ. ಮಜ್ಜಿಗೆ ಕೊಟ್ಟರೆ ಬೇಡ ಅಂದ. ಅಲ್ಲಿಗೇ ಆಕೆಗೆ ಅರ್ಥವಾಯಿತು.

"ಅಕ್ಕಾ, ದೂರು ರೇಂಜರ್ ಸಾಹೇಬ್ರ ತನಕ ಹೋಗಿದೆ. ನಾಳೆ ಅವರೇ ಬರ್ತಾರಂತೆ. ಅವರು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ಇನ್ನು ನನ್ನ ಕೈಲಿಲ್ಲ."

ಆತ ಹೋದ ಮೇಲೆ ಬಂಗಾರಮ್ಮ ಮಂಡಿ ನೀವಿಕೊಳ್ಳುತ್ತಾ ಕೂತಳು. ಬೈಯಲೂ ಇಲ್ಲ. ಆಮೇಲೆ ಕೇಳಿದಳು, "ಮಗಾ, ಇಳಿಯುವಾಗ ಸೊಪ್ಪಿನ ಚೌಡಿಗೆ ಸೊಪ್ಪು ಹಾಕ್ತಿದ್ದೀಯೇನೋ?"

"ಇಲ್ಲ ಅವ್ವ. ನೀ ಹೇಳಲಿಲ್ಲ."

"ಅಯ್ಯೋ! ಅದಕ್ಕೇ ಇಷ್ಟೆಲ್ಲ!"

ನಿಮ್ಮ ಕಡೆ ಉಂಟೋ ಇಲ್ಲವೋ, ನಮ್ಮ ಕಡೆ ಉಂಟು. ಗುಡ್ಡ ಇಳಿಯುವ ದಾರಿಯ ಪಕ್ಕದಲ್ಲಿ ಚೌಡಿಯ ಕಲ್ಲೊಂದಿರುತ್ತದೆ. ಗುಡಿ ಇಲ್ಲ, ಗೋಪುರ ಇಲ್ಲ, ಪೂಜಾರಿಯೂ ಇಲ್ಲ. ದಾಟುವವರು ಒಂದು ಹಸಿರು ಟಿಸಿಲು ಮುರಿದು ಕಲ್ಲಿನ ಮೇಲೆ ಹಾಕಿ ಕೈ ಮುಗಿದರೆ ಸಾಕು, ಹೋದವರನ್ನು ಹೋದ ಹಾಗೇ ವಾಪಸ್ ಕಳಿಸುತ್ತಾಳೆ. ನಾನಂತೂ ಒಂದು ದಿನವೂ ತಪ್ಪಿಸಿದವನಲ್ಲ.

"ನಾಳೆ ಯಾರೇ ಬರಲಿ, ಮೊದಲು ಚೌಡಿ ಹತ್ರ ನಿಲ್ಲಿಸು," ಅಂದಳು ಬಂಗಾರಮ್ಮ. "ನೀನೂ ಸೊಪ್ಪು ಹಾಕು, ಅವರ ಕೈಲೂ ಹಾಕಿಸು. ಕಲ್ಲಿನ ಮೇಲೆ ಏನೇ ಇರಲಿ, ಎತ್ತಿ ಬಿಸಾಡಬೇಡ. ಅದರ ಮೇಲೇ ಹಾಕು. ತಾಯೀ ಕಾಪಾಡು ಅನ್ನು."

"ಆತು ಅವ್ವ, ಹಂಗೇ ಮಾಡ್ತೀನಿ!"

ರೇಂಜರ್ ಸಾಹೇಬರು ಬಂದರು. ಬಯಲುಸೀಮೆಯವರು, ಹೊಸದಾಗಿ ವರ್ಗವಾಗಿ ಬಂದವರು, ಭಾರೀ ಆಳು. ಹತ್ತಿ ಇಳಿದು ರೂಢಿ ಇಲ್ಲ. ಗೇಟು ದಾಟಿ ಸ್ವಲ್ಪ ದೂರ ಇಳಿಯುವಷ್ಟರಲ್ಲಿ ಉಸ್ಸಪ್ಪಾ ಅಂತ ಅಲ್ಲೇ ಒಂದು ಕಲ್ಲಿನ ಮೇಲೆ ಕೂತರು, ಕಣ್ಣು ಮುಚ್ಚಿದರು, ಟೋಪಿಯಲ್ಲಿ ಗಾಳಿ ಹಾಕಿಕೊಂಡರು.

ಯಾವ ಕಲ್ಲು?

ನೀವು ಜಾಣರು, ತಿಳಿಯಿತು. ಆ ಕಲ್ಲೇ!

ಅಷ್ಟರಲ್ಲಿ ಕೆರಿಯ ಒಂದು ದೊಡ್ಡ ಗುಂಪು ಕರೆದುಕೊಂಡು ಇಳಿದ. ಕಲ್ಲು ನೋಡಿದ. ಕಲ್ಲಿನ ಮೇಲೆ ಏನೋ ಇದೆ. ಏನೇ ಇರಲಿ! ಟಿಸಿಲು ಮುರಿದ, ಸಾಹೇಬರ ನೆತ್ತಿಯ ಮೇಲೆ ಇಟ್ಟ. "ತಾಯೀ, ಕಾಪಾಡು!"

ಸಾಹೇಬರು ಕಣ್ಣು ಬಿಟ್ಟರು. "ಏನಯ್ಯಾ ಇದು?"

ಕೆರಿಯ ಗುಂಪಿನ ಕಡೆ ತಿರುಗಿದ. "ಎಲ್ಲರೂ ಹಾಕಿ! ಹಾಕದೇ ಇಳಿಯೋ ಹಂಗಿಲ್ಲ!"

ಬಂದವರಿಗೇನು ಗೊತ್ತು? ಊರಿನ ಪದ್ಧತಿ ಅಂದುಕೊಂಡರು. ಒಬ್ಬೊಬ್ಬರೇ ಮುರಿದರು, ಒಬ್ಬೊಬ್ಬರೇ ಹಾಕಿದರು. ಒಬ್ಬಾಕೆ ಅರಿಶಿನ ಕುಂಕುಮವನ್ನೂ ಹಚ್ಚಿದಳು. ಸಾಹೇಬರು ಏಳಹೋದರೆ "ಪಾಪ, ಮೈಮೇಲೆ ಬಂದಿದೆ" ಅಂತ ಇಬ್ಬರು ಹಿಡಿದು ಕೂರಿಸಿದರು. ಮತ್ತೊಬ್ಬ ಕೇಳಿಯೇಬಿಟ್ಟ, "ತಾಯೀ, ನನ್ನ ತಂಗಿಗೆ ಮದುವೆ ಯಾವಾಗ?"

ಆಗ ಕೆಳಗಿನಿಂದ ದುಗ್ಗಪ್ಪ ಏದುಸಿರು ಬಿಡುತ್ತಾ ಬಂದ, ಅವನ ಹಿಂದೆಯೇ ನಾನು. ಸೊಪ್ಪಿನ ಗುಡ್ಡೆಯೊಳಗಿಂದ ಖಾಕಿ ಕಂಡು ಅವನ ಜೀವ ಬಾಯಿಗೆ ಬಂತು. ಆದರೆ ಅದಕ್ಕಿಂತ ದೊಡ್ಡ ಸುದ್ದಿ ಇತ್ತು.

"ಸಾಹೇಬ್ರೇ! ಮೇಲಿನ ಗುಡ್ಡದಲ್ಲಿ ಮಳೆ ಹೊಡೀತಾ ಇದೆ. ಅಬ್ಬಿ ನೀರು ಕೆಂಪಗೆ ತಿರುಗಿದೆ. ಕೊರಕಲಿಗೆ ಹೊಳೆ ನುಗ್ಗುತ್ತೆ!"

ಸಾಹೇಬರು ಸೊಪ್ಪು ಕೊಡವಿಕೊಂಡು ಎದ್ದರು. ಮೈಯೆಲ್ಲ ಬೆಂಕಿ, ಹಣೆಯ ತುಂಬ ಕುಂಕುಮ. "ಒಳಗಿರೋರನ್ನ ಹತ್ತಿಸಿ! ಗೇಟು ಹಾಕಿ!" ಆಮೇಲೆ ಕೆರಿಯನನ್ನು ನೋಡಿದರು. "ನೀನು! ನೀನು ಬೇರೆ ಏನೂ ಮಾಡಬೇಡ! ಗೇಟು ಹಾಕಿ ಅದರ ಮುಂದೆ ನಿಂತ್ಕೋ. ಯಾರೇ ಬರಲಿ, ಮಂತ್ರಿ ಬರಲಿ, ಮಂತ್ರಿಯ ಅಪ್ಪ ಬರಲಿ, ನಾನೇ ಬರಲಿ, ಒಬ್ಬನೂ ಆ ಗೇಟು ದಾಟಬಾರದು!"

"ಆತು ಸಾಹೇಬ್ರೇ, ಹಂಗೇ ಮಾಡ್ತೀನಿ!"

ನಾನು, ದುಗ್ಗಪ್ಪ, ಸಾಹೇಬರು ಕೆಳಗೆ ಓಡಿದೆವು. ಕೆರಿಯ ತನ್ನ ಗುಂಪನ್ನು ಹತ್ತಿಸಿಕೊಂಡು ಮೇಲೆ ಹೋಗಿ ಗೇಟು ಹಾಕಿ ಬೀಗ ಜಡಿದು, ಹೊರಗಡೆ ನಿಂತ.

ಮುಂದಿನದನ್ನು ಬಂಗಾರಮ್ಮ ಕಣ್ಣಾರೆ ಕಂಡು ನನಗೆ ಹೇಳಿದ್ದು. ಬಿಳಿ ಕಾರೊಂದು ಬಂದು ನಿಂತಿತು. ಆರೇಳು ಜನ ಇಳಿದರು. ಮುಂದಿನವನ ಕೊರಳಲ್ಲಿ ಬೆರಳು ದಪ್ಪದ ಚಿನ್ನದ ಸರ.

"ಏಯ್, ಗೇಟು ತೆಗಿ!"

"ದಾಟಬಾರದು ಅಣ್ಣಾ."

"ನಾನು ಯಾರು ಗೊತ್ತೇನೋ?"

"ಗೊತ್ತಿಲ್ಲ ಅಣ್ಣಾ. ನಿಮಗೂ ಗೊತ್ತಿಲ್ವಾ? ನಮ್ಮವ್ವನ್ನ ಕೇಳಿ, ಅವಳಿಗೆ ಎಲ್ಲರೂ ಗೊತ್ತು."

ಸರದವನು ಮೊಬೈಲು ಒತ್ತಿ ಕೆರಿಯನ ಕಿವಿಗೆ ಹಿಡಿದ. "ತಗೋ, ಮಾತಾಡು! ಮಂತ್ರಿಗಳ ಪಿಎ!"

"ಹಲೋ," ಅಂದ ಕೆರಿಯ. "ನೀವೂ ಬರೋ ಹಂಗಿಲ್ಲ. ನಿಮ್ಮ ಮಂತ್ರಿನೂ ಬರೋ ಹಂಗಿಲ್ಲ. ಅವರ ಅಪ್ಪ ಇದ್ರೆ ಅವರಿಗೂ ಹೇಳಿಬಿಡಿ."

ನೋಟು ತೋರಿಸಿದರು. "ಚೆಂದ ಇದೆ" ಅಂದ. ತಳ್ಳಿದರು. ಬಂಡೆ ತಳ್ಳಿದ ಹಾಗಾಯಿತು. ಅವರು ಬೈಯುತ್ತಾ ನಿಂತಿದ್ದಾಗಲೇ ಕೊರಕಲಿನೊಳಗಿಂದ ಗುಡುಗಿನಂಥ ಸದ್ದು ಎದ್ದಿತು. ಗೇಟಿನ ಹತ್ತಿರ ನಿಂತು ಬಗ್ಗಿದರೆ ಕೆಳಗೆ ಕಾಣುತ್ತದೆ: ಕೆಂಪು ನೀರು ಗೋಡೆಯ ಹಾಗೆ ಬಂತು, ಜನ ನಿಂತು ಫೋಟೋ ತೆಗೆಯುವ ಬಂಡೆಗಳನ್ನೆಲ್ಲ ನುಂಗಿತು, ಒಂದು ಮರವನ್ನು ಬುಡ ಸಮೇತ ತಿರುಗಿಸುತ್ತಾ ಹೊತ್ತೊಯ್ದಿತು. ಸರದವನು ಮೆಲ್ಲಗೆ ಹೋಗಿ ಬಂಗಾರಮ್ಮನ ಹತ್ತಿರ ಒಂದು ಲೋಟ ಮಜ್ಜಿಗೆ ಕೇಳಿದ.

ಅಷ್ಟರಲ್ಲಿ ನಾವೂ ಎಲ್ಲರನ್ನೂ ಹತ್ತಿಸಿಕೊಂಡು ಬಂದಿದ್ದೆವು. ಒಬ್ಬರಿಗೂ ಏನೂ ಆಗಿರಲಿಲ್ಲ. ಗೇಟಿನ ಒಳಗಡೆ ಒದ್ದೆ ಜನ, ಮಕ್ಕಳು, ಮುದುಕರು. ಸಾಹೇಬರು ಮುಂದೆ ಬಂದರು. ಹೊರಗೆ ನಿಂತ ಕಾರು ನೋಡಿದರು, ಬೆವರುತ್ತಿರುವ ಸರದವನನ್ನು ನೋಡಿದರು, ಕೆಳಗಿನ ನೀರು ನೋಡಿದರು.

"ಶಭಾಷ್ ಕಣಯ್ಯಾ!" ಅಂದರು. "ಈಗ ಗೇಟು ತೆಗಿ."

"ದಾಟಬಾರದು ಸಾಹೇಬ್ರೇ."

"ನಾನೇ ಹೇಳ್ತಾ ಇದ್ದೀನಿ!"

"ನೀವೇ ಹೇಳಿದ್ದು. ನಾನೇ ಬರಲಿ ಅಂದ್ರಿ. ನೀವೇ ಬಂದ್ರಿ."

"ನಾವು ಹೊರಗೆ ಬರೋರು ಮಾರಾಯ!"

"ಒಬ್ಬನೂ ಅಂದ್ರಿ."

ಸಾಹೇಬರು ಗೇಟು ಹತ್ತಿದರು. ಆ ಮೈ ಹೊತ್ತುಕೊಂಡು ಹೇಗೋ ತುದಿಗೆ ಬಂದು ಒಂದು ಕಾಲು ಆಚೆ ಹಾಕಿದರು. ಕೆರಿಯ ಎರಡೂ ಕೈ ಎತ್ತಿ, ಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ, ಅವರನ್ನು ಮೆಲ್ಲಗೆ ಒಳಗೇ ಇಳಿಸಿದ. ಇನ್ನೊಮ್ಮೆ ಹತ್ತಿದರು. ಇನ್ನೊಮ್ಮೆ ಇಳಿಸಿದ. ದುಗ್ಗಪ್ಪ ಹತ್ತಿದ, ಅವನನ್ನೂ ಇಳಿಸಿದ. ನನ್ನನ್ನೂ ಬಿಡಲಿಲ್ಲ, ಹೋಗಲಿ ಬಿಡಿ.

ಮಳೆ ಇಲ್ಲಿಗೂ ಬಂತು. ಮಕ್ಕಳು ಅಳತೊಡಗಿದವು. ಬಂಗಾರಮ್ಮ ಕುಂಟುತ್ತಾ ಓಡಿ ಬಂದಳು. ಕೈಗೆ ಬರುತ್ತಿದ್ದ ಕೆಲಸ ಕಣ್ಣೆದುರೇ ಜಾರುತ್ತಿತ್ತು.

"ಅಯ್ಯೋ ನನ್ನ ಕರ್ಮವೇ! ಬಿಡೋ ಅವರನ್ನ!"

"ಗೇಟು ದಾಟಬಾರದಲ್ಲ ಅವ್ವ?"

"ಗೇಟಿದ್ರೆ ತಾನೇ ದಾಟೋದು! ಆ ಹಾಳು ಗೇಟನ್ನೇ ಕಿತ್ತು ತೆಗಿಯೋ!"

"ಆತು ಅವ್ವ! ತೆಗೆದು ಎಲ್ಲಿಡಲಿ?"

"ಎಲ್ಲಾದ್ರೂ ಹಾಕು! ಮತ್ತೆ ನನ್ನ ಕಣ್ಣಿಗೆ ಕಾಣಬಾರದು!"

"ಆತು ಅವ್ವ, ಹಂಗೇ ಮಾಡ್ತೀನಿ!"

ಕೆರಿಯ ಗೇಟಿನ ಎರಡು ಕಂಬ ಅಪ್ಪಿಕೊಂಡು ಒಂದೊಂದಾಗಿ ಅಲ್ಲಾಡಿಸಿದ. ಮಳೆಗೆ ಮಣ್ಣು ಮೆತ್ತಗಾಗಿತ್ತು. ಒಂದು ಹೂಂಕಾರ! ಕಂಬ, ಬೀಗ, "ಅರಣ್ಯ ಇಲಾಖೆ" ಅಂತ ಬರೆದ ಹಲಗೆ, ಎಲ್ಲ ಸಮೇತ ಗೇಟು ಮೇಲೆದ್ದಿತು. ತಲೆಯ ಮೇಲೆ ಹೊತ್ತ. ಬಂಡೆಯ ಅಂಚಿಗೆ ನಡೆದ. "ಬೇಡ! ಬೇಡ ಕಣೋ! ಸರ್ಕಾರದ್ದು!" ಅಂತ ಸಾಹೇಬರು ಕೂಗುತ್ತಿದ್ದ ಹಾಗೇ ಕೊರಕಲಿಗೆ ಎಸೆದ. ಹೊಳೆ ಅದನ್ನು ಒಂದು ಸಲ ಮಗುಚಿ, ಎರಡನೇ ಸಲ ಮಗುಚಿ, ತಿರುವಿನಾಚೆ ತೆಗೆದುಕೊಂಡು ಹೋಯಿತು.

"ಈಗ ಕಾಣ್ತಾ ಅವ್ವ?"

ಜನ ಒಬ್ಬೊಬ್ಬರಾಗಿ ಗೇಟು ಇದ್ದ ಜಾಗ ದಾಟಿ ಹೊರಗೆ ಬಂದರು. ಕೊನೆಗೆ ಸಾಹೇಬರು ಬಂದರು. ಬಂಗಾರಮ್ಮ ಮಂಡಿ ಮರೆತು ಅವರ ಕಾಲಿಗೆ ಬಗ್ಗಲು ಹೋದಳು. ಅವರು ಆಕೆಯ ತೋಳು ಹಿಡಿದು ನಿಲ್ಲಿಸಿದರು. ಗೇಟು ಕಿತ್ತ ಎರಡು ಗುಂಡಿ ನೋಡಿದರು. ನಡುವೆ ಮಳೆಯಲ್ಲಿ ನೆನೆಯುತ್ತಾ ನಿಂತ ಕೆರಿಯನನ್ನು ನೋಡಿದರು.

ದುಗ್ಗಪ್ಪ ಮೆಲ್ಲಗೆ ಕೇಳಿದ, "ಸಾಹೇಬ್ರೇ, ಇವನಿಗೆ ಗೈಡ್ ಕೆಲಸ..."

"ಅಬ್ಬಿ ತೋರಿಸೋದಾ? ಇವನಾ? ಸತ್ತರೂ ಇಲ್ಲ!"

ಕೆರಿಯನಿಗೆ ಅವರು ಕೊಟ್ಟದ್ದು ಗೇಟಿನ ಕೆಲಸ. ಗೇಟು ಕಾಯುವುದಲ್ಲ, ಹೊಸ ಗೇಟು ಮಂಜೂರಾಗಿ ಬರುವ ತನಕ ಆ ಎರಡು ಗುಂಡಿಗಳ ನಡುವೆ ತಾನೇ ಗೇಟಾಗಿ ನಿಲ್ಲುವುದು. ಖಾಕಿ ಅಂಗಿ ಕೊಟ್ಟರು, ತಿಂಗಳ ಸಂಬಳ ಕೊಟ್ಟರು. ಹೊಸ ಗೇಟು ಇನ್ನೂ ಬಂದಿಲ್ಲ.